ನಕಮಿಚಿ: ಕ್ಯಾಸೆಟ್ಟನ್ನೇ ನಂಬಿದ ಜಪಾನಿ ಕಂಪನಿ – ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರ ನಡುವೆ ನಕಮಿಚಿ ಅನ್ನುವ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ಈ ಕಂಪನಿಯ ಕಥೆ ಏನು, ಅದರ ಡೆಕ್‌ಗಳಿಗೆ (ಕ್ಯಾಸೆಟ್ ನುಡಿಸುವ, ರೆಕಾರ್ಡ್ ಮಾಡುವ ಯಂತ್ರಗಳಿಗೆ) ಇವತ್ತಿಗೂ ಯಾಕಿಷ್ಟು ಬೆಲೆ ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗೆ ಕೊಟ್ಟ ಉತ್ತರಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ನಕಮಿಚಿ ಯಾವ ಕಂಪನಿ? ಯಾವಾಗ ಶುರುವಾಯಿತು?

ಟೋಕಿಯೊದ ಕಂಪನಿ. 1948ರಲ್ಲಿ ಎತ್ಸುರೊ ನಕಮಿಚಿ ಇದನ್ನು ಕಟ್ಟಿದರು. ಅವರ ತಮ್ಮ ನಿರೊ ನಕಮಿಚಿ ಮುಂದೆ ಕಂಪನಿಯ ದೊಡ್ಡ ಎಂಜಿನಿಯರ್ ಆದರು. ಮೊದಲು ಇಟ್ಟ ಹೆಸರಿನಲ್ಲೇ ಇದು ಸಂಶೋಧನಾ ಸಂಸ್ಥೆ ಎಂದಿತ್ತು. ಅದು ಸುಮ್ನೆ ಇಟ್ಟ ಹೆಸರಲ್ಲ. ಅಂಗಡಿಯಲ್ಲಿ ಮಾರುವ ಪೆಟ್ಟಿಗೆಗಿಂತ ಮುಂಚೆ ಅವರು ಕೈ ಹಾಕಿದ್ದು ಟೇಪ್ ರೆಕಾರ್ಡಿಂಗ್, ಧ್ವನಿ ಮತ್ತು ಸಂಪರ್ಕ ಸಾಧನಗಳ ಸಂಶೋಧನೆಗೆ. ರೇಡಿಯೊ, ಸ್ಪೀಕರ್, ರೆಕಾರ್ಡ್ ಪ್ಲೇಯರಿನ ಟೋನ್ ಆರ್ಮ್ ಕೂಡ ಮಾಡಿದರು. 1950ರ ದಶಕದಲ್ಲಿ ಸ್ಪೂಲ್ ಟೇಪ್ ರೆಕಾರ್ಡರ್ ಮಾಡಿದರು. ಆಮೇಲೆ ಟೇಪ್ ಹೆಡ್‌ಗಳನ್ನು ತಾವೇ ತಯಾರಿಸತೊಡಗಿದರು.

ಈ ಕೊನೆಯ ಸಂಗತಿ ಮುಖ್ಯ. ಟೇಪ್ ರೆಕಾರ್ಡರಿನ ಜೀವ ಇರುವುದು ಹೆಡ್‌ನಲ್ಲಿ, ಅಂದರೆ ಟೇಪಿಗೆ ತಾಗಿ ಧ್ವನಿಯನ್ನು ಬರೆಯುವ, ಓದುವ ತುಂಡಿನಲ್ಲಿ. ಎಷ್ಟೋ ಕಂಪನಿಗಳು ಹೆಡ್ಡನ್ನು ಹೊರಗಿನಿಂದ ಕೊಂಡು ತಂದು ಜೋಡಿಸುತ್ತಿದ್ದವು. ನಕಮಿಚಿಯವರು ಅದನ್ನು ಬುಡದಿಂದ ಕಲಿತರು.

ಅಷ್ಟು ಹಳೆ ಕಂಪನಿಯಾದರೂ 1970ರ ಮುಂಚೆ ಅದರ ಹೆಸರು ಯಾಕೆ ಕೇಳಿಬರುವುದಿಲ್ಲ?

ಅವರು ಬೇರೆಯವರ ಹೆಸರಿನಲ್ಲಿ ಮಾಡಿಕೊಡುತ್ತಿದ್ದರು. 1960ರ ದಶಕದ ಕೊನೆಯಿಂದ ಹಾರ್ಮನ್ ಕಾರ್ಡನ್, ಫಿಶರ್, ಕೆಎಲ್‌ಎಚ್‌ನಂಥ ಅಮೆರಿಕದ ಬ್ರ್ಯಾಂಡ್‌ಗಳು ಮಾರಿದ ಟೇಪ್ ಡೆಕ್‌ಗಳಲ್ಲಿ ಕೆಲವು ನಕಮಿಚಿ ಕಾರ್ಖಾನೆಯಿಂದ ಬಂದವು. ಹೊರಗಿನ ಫಲಕ ಅವರದು, ಒಳಗಿನ ಯಂತ್ರ ಇವರದು. ಸ್ವಂತ ಹೆಸರಿನಲ್ಲಿ ದೊಡ್ಡದಾಗಿ ಮಾರುಕಟ್ಟೆಗೆ ಇಳಿದದ್ದು 1973ರ ಹೊತ್ತಿಗೆ.

ಕ್ಯಾಸೆಟ್‌ನಲ್ಲಿ ಒಳ್ಳೆಯ ಧ್ವನಿ ತೆಗೆಯುವುದು ಅಷ್ಟು ಕಷ್ಟವಾ?

ತುಂಬ ಕಷ್ಟ. ನಕಮಿಚಿಯ ದೊಡ್ಡತನ ಅರ್ಥವಾಗಬೇಕಾದರೆ ಇದನ್ನು ಮೊದಲು ತಿಳಿಯಬೇಕು.

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಾಗ ಅದು ಸಂಗೀತಕ್ಕೆಂದು ಮಾಡಿದ್ದಲ್ಲ. ಮಾತು ರೆಕಾರ್ಡ್ ಮಾಡಿಕೊಳ್ಳಲು, ಜೇಬಿಗೆ ಹಿಡಿಸುವ ಹಾಗೆ ಮಾಡಿದ್ದು. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದರಲ್ಲಿ ಎರಡು ಬದಿ, ಪ್ರತಿ ಬದಿಗೆ ಎಡ ಮತ್ತು ಬಲ. ಅಂದರೆ ಒಂದೊಂದು ಟ್ರ್ಯಾಕಿಗೆ ಸಿಗುವುದು ಸುಮಾರು 0.6 ಮಿಲಿಮೀಟರ್ ಜಾಗ. ಟೇಪು ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸ್ಟುಡಿಯೊದ ಸ್ಪೂಲ್ ಯಂತ್ರಗಳಲ್ಲಿ ಅದು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು.

ವೇಗ ಕಡಿಮೆಯಾದಷ್ಟೂ ಧ್ವನಿಯ ಅಲೆಗಳು ಟೇಪಿನ ಮೇಲೆ ಒತ್ತೊತ್ತಾಗಿ ಕೂರುತ್ತವೆ. 15 ಕಿಲೊಹರ್ಟ್ಸ್ ಅಂದರೆ ತಾಳದ, ಗೆಜ್ಜೆಯ ಸದ್ದಿನ ಆ ಹೊಳಪು ಇರುವ ಜಾಗ. ಕ್ಯಾಸೆಟ್ ಟೇಪಿನ ಮೇಲೆ ಅಂಥ ಒಂದು ಅಲೆಯ ಉದ್ದ ಬರೀ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ಆಸುಪಾಸು. ತಲೆಗೂದಲಿನ ದಪ್ಪದ ಒಂದು ಚೂರು ಭಾಗ ಅಷ್ಟೇ. ಅದನ್ನು ಓದುವ ಹೆಡ್‌ನ ಸೀಳು ಅದಕ್ಕಿಂತಲೂ ಸಣ್ಣದಿರಬೇಕು. ಜೊತೆಗೆ ಟೇಪು ಅಲುಗಾಡದೆ ಓಡಬೇಕು.

ಟೇಪಿನದೇ ಸುಯ್ ಅನ್ನುವ ಹಿಸ್ ಸದ್ದು ಬೇರೆ ಇತ್ತು. ಹಿಸ್ ತಗ್ಗಿಸುವ ಡಾಲ್ಬಿ ಬಿ ಸರ್ಕ್ಯೂಟ್ ಮತ್ತು ಇನ್ನೂ ಒಳ್ಳೆಯ ಕ್ರೋಮಿಯಂ ಡೈಆಕ್ಸೈಡ್ ಟೇಪು 1970ರ ಹೊತ್ತಿಗೆ ಬಂದ ಮೇಲೆ ಕ್ಯಾಸೆಟ್ಟಿನಲ್ಲೂ ಸಂಗೀತ ಕೇಳಬಹುದು ಅನ್ನುವ ಆಸೆ ಹುಟ್ಟಿತು.

1973ರ ಡೆಕ್‌ನಲ್ಲಿ ಅಂಥದ್ದೇನಿತ್ತು?

ನಕಮಿಚಿ 1000 ಮತ್ತು ಅದರ ಜೊತೆಗಾರ 700. ಇವೇ ಮೂರು ಹೆಡ್‌ನ ಮೊದಲ ಕ್ಯಾಸೆಟ್ ಡೆಕ್‌ಗಳು. 1000ರ ಬೆಲೆ ಆಗಲೇ ಸಾವಿರ ಡಾಲರ್ ದಾಟಿತ್ತು. ಕ್ಯಾಸೆಟ್ ಅಂದರೆ ಅಗ್ಗದ ವಸ್ತು ಎಂದು ಎಲ್ಲರೂ ನಂಬಿದ್ದ ಕಾಲ ಅದು.

ಮಾಮೂಲಿ ಡೆಕ್‌ನಲ್ಲಿ ಅಳಿಸಲು ಒಂದು ಹೆಡ್, ರೆಕಾರ್ಡ್ ಮಾಡುವುದಕ್ಕೂ ಕೇಳಿಸುವುದಕ್ಕೂ ಸೇರಿ ಇನ್ನೊಂದು. ಆದರೆ ಈ ಎರಡು ಕೆಲಸಗಳಿಗೆ ಬೇಕಾದ ಸೀಳಿನ ಅಗಲ ಬೇರೆ ಬೇರೆ. ರೆಕಾರ್ಡ್ ಮಾಡಲು ಅಗಲವಾದ ಸೀಳು ಒಳ್ಳೆಯದು, ಓದಲು ತೀರಾ ಕಿರಿದಾದದ್ದು ಬೇಕು. ಒಂದೇ ಹೆಡ್‌ನಲ್ಲಿ ಎರಡನ್ನೂ ಮಾಡಿದರೆ ಎರಡೂ ಅರೆಬರೆ. ನಕಮಿಚಿಯವರು ಎರಡನ್ನೂ ಬೇರೆ ಬೇರೆ ಮಾಡಿ, ಕ್ಯಾಸೆಟ್ಟಿನ ಆ ಚಿಕ್ಕ ಕಿಂಡಿಗಳಲ್ಲಿ ಹಿಡಿಸಿದರು. ಜೊತೆಗೆ ಇನ್ನೊಂದು ಅನುಕೂಲವೂ ಆಯಿತು. ರೆಕಾರ್ಡ್ ಆಗುತ್ತಿರುವಾಗಲೇ ಟೇಪಿನ ಮೇಲೆ ನಿಜವಾಗಿ ಏನು ಬಿದ್ದಿದೆ ಎಂದು ಕೇಳಬಹುದಿತ್ತು.

ಕ್ಯಾಸೆಟ್ಟಿನ ಒಳಗೆ ಹೆಡ್‌ಗೆ ಟೇಪನ್ನು ಒತ್ತಿಹಿಡಿಯಲು ಒಂದು ಚಿಕ್ಕ ಫೆಲ್ಟ್ ತುಂಡು ಇರುತ್ತದಲ್ಲ, ನಕಮಿಚಿಯವರಿಗೆ ಅದರ ಮೇಲೂ ನಂಬಿಕೆ ಇರಲಿಲ್ಲ. ಅದು ಟೇಪನ್ನು ಉಜ್ಜಿ ನವಿರಾದ ನಡುಕ ಮತ್ತು ಸದ್ದು ಸೇರಿಸುತ್ತದೆ. ಹಾಗಾಗಿ ಮುಂದೆ ಬಂದ ಡೆಕ್‌ಗಳಲ್ಲಿ ಹೆಡ್ಡಿನ ಸುತ್ತ ಒಂದು ಲೋಹದ ಚೌಕಟ್ಟು ಇಟ್ಟು ಆ ಫೆಲ್ಟನ್ನು ಹಿಂದಕ್ಕೆ ತಳ್ಳಿಬಿಟ್ಟರು. ಟೇಪನ್ನು ಬಿಗಿಯಾಗಿ ಹಿಡಿಯುವ ಕೆಲಸವನ್ನು ಟೇಪನ್ನು ಎಳೆದು ಓಡಿಸುವ ಎರಡು ಕಡ್ಡಿಗಳಿಗೆ, ಅಂದರೆ ಕ್ಯಾಪ್‌ಸ್ಟನ್‌ಗಳಿಗೆ, ಬಿಟ್ಟರು. ಅವೆರಡರ ದಪ್ಪವೂ ಬೇರೆ ಬೇರೆ. ಒಂದರ ಕಂಪನ ಇನ್ನೊಂದರ ಜೊತೆ ಸೇರಿ ದೊಡ್ಡದಾಗಬಾರದು ಎಂದು. ಇಂಥ ಕಡೆ ಇವರ ತಲೆ ಹೇಗೆ ಓಡುತ್ತಿತ್ತು ಅನ್ನುವುದು ನನಗೆ ತುಂಬ ಇಷ್ಟವಾಗುತ್ತದೆ.

ಎಲ್ಲರೂ ಅಜಿಮತ್ ಅಜಿಮತ್ ಅನ್ನುತ್ತಾರೆ. ಏನದು?

ಟೇಪು ಓಡುವ ದಿಕ್ಕಿಗೆ ಹೆಡ್‌ನ ಸೀಳು ಸರಿಯಾಗಿ 90 ಡಿಗ್ರಿಯಲ್ಲಿ ನಿಂತಿರಬೇಕು. ಆ ಕೋನವೇ ಅಜಿಮತ್. ರೆಕಾರ್ಡ್ ಮಾಡಿದ ಹೆಡ್ ಒಂದು ಚೂರು ವಾಲಿದ್ದರೆ ಟೇಪಿನ ಮೇಲಿನ ಅಲೆಗಳೂ ವಾಲಿಕೊಂಡೇ ಬೀಳುತ್ತವೆ. ಕೇಳಿಸುವ ಹೆಡ್ ಬೇರೆ ಕೋನದಲ್ಲಿದ್ದರೆ ಒಂದೇ ಅಲೆಯ ಉಬ್ಬನ್ನೂ ತಗ್ಗನ್ನೂ ಒಟ್ಟಿಗೆ ಓದಿಬಿಡುತ್ತದೆ. ಎರಡೂ ಸೇರಿ ವಜಾ. ಮೊದಲು ಹೋಗುವುದು ಧ್ವನಿಯ ಹೊಳಪು.

ಎಷ್ಟು ವಾಲಿದರೆ ಹೀಗಾಗುತ್ತದೆ? ಲೆಕ್ಕ ಹಾಕಿ ನೋಡಿ. ಟ್ರ್ಯಾಕಿನ ಅಗಲ 600 ಮೈಕ್ರಾನ್. 15 ಕಿಲೊಹರ್ಟ್ಸ್ ಅಲೆಯ ಉದ್ದ 3.2 ಮೈಕ್ರಾನ್. ಸೀಳು ಆ 600 ಮೈಕ್ರಾನ್ ದೂರದಲ್ಲಿ 3.2 ಮೈಕ್ರಾನ್ ಪಕ್ಕಕ್ಕೆ ಸರಿದರೆ ಸಾಕು, 15 ಕಿಲೊಹರ್ಟ್ಸ್ ಪೂರ್ತಿ ಮಾಯ. ಕೋನದಲ್ಲಿ ಹೇಳುವುದಾದರೆ ಒಂದು ಡಿಗ್ರಿಯ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರ ಅರ್ಧದಷ್ಟು ವಾಲಿದರೂ ಹೊಳಪು ಕಣ್ಣಿಗೆ ಕಟ್ಟುವ ಹಾಗೆ ಕುಗ್ಗುತ್ತದೆ.

ನಮ್ಮಲ್ಲಿ ಎಷ್ಟೋ ಜನ ಕ್ಯಾಸೆಟ್ ಅಂದರೆ ಮಂಕು ಧ್ವನಿ ಎಂದು ತಿಳಿದಿದ್ದಾರೆ. ಅದರಲ್ಲಿ ಜಾಸ್ತಿ ಪಾಲು ಟೇಪಿನ ತಪ್ಪಲ್ಲ, ಈ ಕೋನದ ತಪ್ಪು. ಧ್ವನಿ ಟೇಪಿನಲ್ಲೇ ಇರುತ್ತದೆ. ನಮ್ಮ ಯಂತ್ರ ಅದನ್ನು ಓರೆಯಾಗಿ ಓದುತ್ತಿರುತ್ತದೆ. ನಕಮಿಚಿಯ ಮುಂದಿನ 20 ವರ್ಷದ ಕೆಲಸ ಬಹುಪಾಲು ಸುತ್ತಿದ್ದು ಈ ಒಂದು ವಿಷಯದ ಸುತ್ತ.

1000ಝಡ್‌ಎಕ್ಸ್‌ಎಲ್ ಅಂದರೆ ಯಾವುದು?

1980ರ ಡೆಕ್. ಇದರೊಳಗೆ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಅದು ತಾನೇ ಪರೀಕ್ಷೆಯ ಸ್ವರಗಳನ್ನು ರೆಕಾರ್ಡ್ ಮಾಡಿ, ತಾನೇ ಕೇಳಿ, ಅಜಿಮತ್, ಬಯಾಸ್ (ರೆಕಾರ್ಡ್ ಮಾಡುವಾಗ ಧ್ವನಿಯ ಜೊತೆ ಸೇರಿಸುವ ಸಂಕೇತ), ಮಟ್ಟ, ಈಕ್ವಲೈಸೇಶನ್ (ಯಾವ ಸ್ವರವನ್ನು ಎಷ್ಟು ಎತ್ತಬೇಕು ಅನ್ನುವ ಲೆಕ್ಕ) ನಾಲ್ಕನ್ನೂ ಆ ಕ್ಯಾಸೆಟ್ಟಿಗೆ ತಕ್ಕ ಹಾಗೆ ಹೊಂದಿಸಿಕೊಳ್ಳುತ್ತಿತ್ತು. ಅಮೆರಿಕದಲ್ಲಿ ಬೆಲೆ 3,800 ಡಾಲರ್. ಚಿನ್ನದ ಲೇಪದ ಇನ್ನೊಂದು ಆವೃತ್ತಿಯೂ ಬಂತು. ಅದಕ್ಕೆ ಇನ್ನೂ ಜಾಸ್ತಿ.

ಡ್ರ್ಯಾಗನ್‌ಗೆ ಅಷ್ಟು ಹೆಸರು ಯಾಕೆ?

1000ಝಡ್‌ಎಕ್ಸ್‌ಎಲ್ ತಾನು ರೆಕಾರ್ಡ್ ಮಾಡಿದ ಟೇಪಿಗೆ ಅಚ್ಚುಕಟ್ಟು. ಆದರೆ ಬೇರೆ ಯಾರೋ, ಬೇರೆ ಡೆಕ್‌ನಲ್ಲಿ, ವಾಲಿದ ಹೆಡ್‌ನಿಂದ ರೆಕಾರ್ಡ್ ಮಾಡಿದ ಟೇಪು ತಂದರೆ? ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಆದರೆ? ಅದಕ್ಕೆ ಉತ್ತರ 1982ರಲ್ಲಿ ಬಂದ ಡ್ರ್ಯಾಗನ್. ಟೇಪು ಓಡುತ್ತಿರುವಾಗಲೇ ಓದುವ ಹೆಡ್‌ನ ಕೋನವನ್ನು ತಾನೇ ತಿದ್ದಿಕೊಳ್ಳುವ, ಮಾರುಕಟ್ಟೆಗೆ ಬಂದ ಮೊದಲ ಟೇಪ್ ಯಂತ್ರ ಅದು.

ಕೆಲಸ ಮಾಡುವ ರೀತಿ ಸೊಗಸಾಗಿದೆ. ಓದುವ ಹೆಡ್‌ನಲ್ಲಿ ಬಲ ಟ್ರ್ಯಾಕನ್ನು ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಎರಡಾಗಿ ಓದುತ್ತಾರೆ. ಕೋನ ಸರಿಯಿದ್ದರೆ ಎರಡು ಅರ್ಧಗಳಲ್ಲೂ ಒಂದೇ ಅಲೆ ಒಂದೇ ಕ್ಷಣಕ್ಕೆ ಬರುತ್ತದೆ. ವಾಲಿದ್ದರೆ ಒಂದು ಮುಂಚೆ, ಇನ್ನೊಂದು ಆಮೇಲೆ. ಆ ವ್ಯತ್ಯಾಸವನ್ನು ಸರ್ಕ್ಯೂಟ್ ಅಳೆಯುತ್ತದೆ. ಒಂದು ಪುಟ್ಟ ಮೋಟಾರ್ ಹೆಡ್ಡನ್ನು ತಿರುಗಿಸಿ ಎರಡನ್ನೂ ಒಂದಾಗಿಸುತ್ತದೆ. ಪರೀಕ್ಷೆಯ ಸ್ವರ ಬೇಡ, ಹಾಡೇ ಸಾಕು. ಈ ತತ್ವವನ್ನು ಮೊದಲು ಕಂಡುಕೊಂಡವರು ಫಿಲಿಪ್ಸ್ ಎಂಜಿನಿಯರುಗಳು. ಅದನ್ನು ಬೆಳೆಸಿ ಡೆಕ್‌ನೊಳಗೆ ತಂದವರು ನಿರೊ ನಕಮಿಚಿ.

ಡ್ರ್ಯಾಗನ್ ಎರಡೂ ದಿಕ್ಕಿಗೆ ನುಡಿಸುತ್ತಿತ್ತು. ಕ್ಯಾಸೆಟ್ ತಿರುಗಿಸಬೇಕಿಲ್ಲ. ಇಂಥ ಡೆಕ್‌ಗಳಲ್ಲಿ ಒಂದು ದಿಕ್ಕಿಗೆ ಸರಿಯಿದ್ದ ಕೋನ ಇನ್ನೊಂದು ದಿಕ್ಕಿಗೆ ತಪ್ಪುವುದು ಹಳೆ ರೋಗ. ಅದಕ್ಕೂ ಇದೇ ಮದ್ದಾಯಿತು. ಬಂದಾಗ ಬೆಲೆ 1,850 ಡಾಲರ್. ಮಾರಾಟ ನಡೆದದ್ದು 1994ರವರೆಗೆ. ಒಂದೇ ಮಾದರಿ 12 ವರ್ಷ ಅಂಗಡಿಯಲ್ಲಿ ನಿಂತಿತು. ಆ ಉದ್ಯಮದಲ್ಲಿ ಅದು ದೊಡ್ಡ ಆಯಸ್ಸು.

ಕ್ಯಾಸೆಟ್ಟನ್ನೇ ಹೊರಗೆ ತಳ್ಳಿ ತಿರುಗಿಸಿ ಒಳಗೆ ಎಳೆದುಕೊಳ್ಳುವ ಡೆಕ್‌ನ ವಿಡಿಯೊ ನೋಡಿದೆ. ಅದೂ ಇವರದೇನಾ?

ಹೌದು, ಆರ್‌ಎಕ್ಸ್-505. ಜೊತೆಗೆ 202 ಮತ್ತು 303. ನೋಡಲು ಚಮತ್ಕಾರದಂತಿದ್ದರೂ ಅದರ ಹಿಂದೆ ಸರಿಯಾದ ಯೋಚನೆ ಇದೆ. ಎರಡು ದಿಕ್ಕಿಗೆ ಟೇಪು ಓಡಿಸಿದರೆ ಕೋನ ಕೆಡುತ್ತದೆ ಅಲ್ವಾ? ಹಾಗಾದರೆ ಟೇಪು ಯಾವಾಗಲೂ ಒಂದೇ ದಿಕ್ಕಿಗೆ ಓಡಲಿ, ಕೈಯಿಂದ ತಿರುಗಿಸುವ ಕೆಲಸವನ್ನು ಯಂತ್ರ ಮಾಡಲಿ ಎಂದರು. ಡ್ರ್ಯಾಗನ್ ಕಷ್ಟದ ದಾರಿ ಹಿಡಿಯಿತು, ಇದು ಸುಲಭದ ದಾರಿ ಹಿಡಿಯಿತು. ಎರಡೂ ಒಂದೇ ಕಡೆ ತಲುಪಿದವು.

ಕ್ಯಾಸೆಟ್ ಬಿಟ್ಟು ಬೇರೇನೂ ಮಾಡಲಿಲ್ಲವಾ?

ಮಾಡಿದರು. ಟಿಎಕ್ಸ್-1000 ಅನ್ನುವ ಟರ್ನ್‌ಟೇಬಲ್ ಇತ್ತು. ಎಲ್‌ಪಿ ತಟ್ಟೆಯ ನಡುವಿನ ತೂತು ನಿಜವಾದ ನಡುವಿನಲ್ಲಿ ಇರುವುದು ಅಪರೂಪ. ಒಂದು ಕೂದಲಿನಷ್ಟು ಸರಿದಿದ್ದರೂ ಸ್ವರ ಮೇಲೆ ಕೆಳಗೆ ಆಡುತ್ತದೆ. ಈ ಯಂತ್ರ ತಟ್ಟೆ ಎಷ್ಟು ಸರಿದಿದೆ ಎಂದು ತಾನೇ ಅಳೆದು, ಅದನ್ನು ನಡುವಿಗೆ ತಂದು ನಿಲ್ಲಿಸುತ್ತಿತ್ತು. ನೋಡಿ, ಇಲ್ಲೂ ಅದೇ ಚಿಂತೆ. ಓದುವ ವಸ್ತುವಿಗೂ ಓದಿಸಿಕೊಳ್ಳುವ ವಸ್ತುವಿಗೂ ನಡುವಿನ ಕೂದಲೆಳೆಯ ಅಂತರ.

ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕಾರ ನೆಲ್ಸನ್ ಪಾಸ್ ಅವರ ಸ್ಟೇಸಿಸ್ ಸರ್ಕ್ಯೂಟ್ ಬಳಸಿ ಪವರ್ ಆಂಪ್ಲಿಫೈಯರ್ ಮಾಡಿದರು. ಜರ್ಮನಿಯ ಟೆಲಿಫುಂಕನ್ ಜೊತೆ ಸೇರಿ ಹೈಕಾಮ್ 2 ಅನ್ನುವ ಹಿಸ್ ತಗ್ಗಿಸುವ ಪೆಟ್ಟಿಗೆ ತಂದರು. ಸಿಡಿ ಪ್ಲೇಯರ್, ಸಿಡಿ ಚೇಂಜರ್, ದುಬಾರಿಯಾದ ಒಂದು ಡ್ಯಾಟ್ (ಡಿಜಿಟಲ್ ಟೇಪ್) ರೆಕಾರ್ಡರ್ ಕೂಡ ಬಂದವು. 1989ರಲ್ಲಿ ಲೆಕ್ಸಸ್ ಎಲ್‌ಎಸ್400 ಕಾರು ಬಂದಾಗ ಅದರಲ್ಲಿ ಬೇಕೆಂದವರಿಗೆ ನಕಮಿಚಿ ಸ್ಟೀರಿಯೊ ಸಿಗುತ್ತಿತ್ತು. ತಮ್ಮ ಹೆಸರಿನ ಖಾಲಿ ಕ್ಯಾಸೆಟ್‌ಗಳನ್ನೂ ಮಾರಿದರು. ಅವುಗಳ ಪೈಕಿ ಎಸ್‌ಎಕ್ಸ್ ಟೇಪನ್ನು ಮಾಡಿಕೊಟ್ಟದ್ದು ಟಿಡಿಕೆ.

ನಕಮಿಚಿಯಲ್ಲಿ ರೆಕಾರ್ಡ್ ಮಾಡಿದ ಟೇಪು ಬೇರೆ ಡೆಕ್‌ನಲ್ಲಿ ಮಂಕಾಗಿ ಕೇಳುತ್ತದಂತೆ. ನಿಜವಾ?

ಸ್ವಲ್ಪ ಮಟ್ಟಿಗೆ ನಿಜ. ಟೇಪನ್ನು ಓದುವಾಗ ಯಾವ ಸ್ವರವನ್ನು ಎಷ್ಟು ಎತ್ತಬೇಕು ಅನ್ನುವುದಕ್ಕೆ ಒಂದು ಮಾನದಂಡ ಇದೆ. ತುತ್ತತುದಿಯ ಹೊಳಪಿನ ಭಾಗದಲ್ಲಿ ನಕಮಿಚಿ ಆ ಮಾನದಂಡವನ್ನು ಅರ್ಥಮಾಡಿಕೊಂಡ ರೀತಿಯೇ ಬೇರೆ, ಉಳಿದ ಕಂಪನಿಗಳ ರೀತಿಯೇ ಬೇರೆ. ನಕಮಿಚಿ ಓದುವಾಗ ಸ್ವಲ್ಪ ಜಾಸ್ತಿ ಎತ್ತುತ್ತಿತ್ತು. ಹಾಗಾಗಿ ಅಂಗಡಿಯ ಕ್ಯಾಸೆಟ್ ಅದರಲ್ಲಿ ಸ್ವಲ್ಪ ಹೆಚ್ಚೇ ಹೊಳೆಯುತ್ತಿತ್ತು, ಅದರಲ್ಲಿ ಮಾಡಿದ ಟೇಪು ಹೊರಗೆ ಸ್ವಲ್ಪ ಮಂಕಾಗುತ್ತಿತ್ತು. ಇದರ ಬಗ್ಗೆ ಆಗಲೇ ಜಗಳ ಇತ್ತು, ಇವತ್ತಿಗೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಸೆಟ್ ಇರುವುದೇ ಕೈಯಿಂದ ಕೈಗೆ ಹೋಗಲಿಕ್ಕೆ. ಎಲ್ಲರೂ ನಡೆದ ದಾರಿಯಲ್ಲೇ ಇವರೂ ನಡೆದಿದ್ದರೆ ಚೆನ್ನಾಗಿತ್ತು.

ಅಷ್ಟು ಒಳ್ಳೆಯ ಕಂಪನಿ ಯಾಕೆ ಬಿತ್ತು?

ಡ್ರ್ಯಾಗನ್ ಬಂದ ವರ್ಷವೇ, 1982ರ ಅಕ್ಟೋಬರಿನಲ್ಲಿ, ಜಪಾನಿನಲ್ಲಿ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕೆ ಬಂತು. ಇಷ್ಟು ಹೇಳಿದರೆ ಅರ್ಧ ಉತ್ತರ ಸಿಕ್ಕಿತು.

ನಕಮಿಚಿಯವರ ಬಂಡವಾಳ ಅಂದರೆ ಮೈಕ್ರಾನ್ ಲೆಕ್ಕದ ಯಂತ್ರ ಕೆಲಸ. ಬೇರೆಯವರ ಡೆಕ್‌ಗೂ ಇವರ ಡೆಕ್‌ಗೂ ಇದ್ದ ವ್ಯತ್ಯಾಸವನ್ನು ಯಾರು ಬೇಕಾದರೂ ಕಿವಿಯಲ್ಲೇ ಹಿಡಿಯಬಹುದಿತ್ತು. ಸಿಡಿಯಲ್ಲಿ ಹಾಗಲ್ಲ. ಸಾಧಾರಣ ಬೆಲೆಯ ಪ್ಲೇಯರಿನಲ್ಲೂ ಹಿಸ್ ಇಲ್ಲ, ಸ್ವರದ ನಡುಕ ಇಲ್ಲ, ಅಜಿಮತ್ ಅನ್ನುವ ಮಾತೇ ಇಲ್ಲ. ಹತ್ತು ಪಟ್ಟು ಹಣ ಕೊಡಲು ಜನರಿಗೆ ಕಾರಣವೇ ಉಳಿಯಲಿಲ್ಲ. ಡಿಜಿಟಲ್ ಟೇಪ್ ಆದರೂ ಕೈ ಹಿಡಿಯಬಹುದು ಎಂದುಕೊಂಡರೆ, ಡ್ಯಾಟ್ ನಕಲು ಹಕ್ಕಿನ ಜಗಳದಲ್ಲಿ ಸಿಕ್ಕಿ ಮನೆಗಳಿಗೆ ತಲುಪಲೇ ಇಲ್ಲ.

1990ರ ದಶಕದಲ್ಲಿ ನಕಮಿಚಿ ಚಿಕ್ಕ ಚೊಕ್ಕ ಮನೆ ಸೆಟ್‌ಗಳ ಕಡೆ ಹೊರಳಿತು. ಆ ದಶಕದ ಕೊನೆಯ ಭಾಗದಲ್ಲಿ ಹಾಂಗ್‌ಕಾಂಗಿನ ಗ್ರಾಂಡೆ ಹೋಲ್ಡಿಂಗ್ಸ್ ಕೈಗೆ ಹೋಯಿತು. ಅಕಾಯ್ ಮತ್ತು ಸಾನ್ಸುಯಿ ಹೆಸರುಗಳೂ ಅದೇ ಗುಂಪಿನ ಕೈ ಸೇರಿದವು. 2002ರಲ್ಲಿ ಜಪಾನಿನ ಕಂಪನಿ ದಿವಾಳಿ ಅರ್ಜಿ ಹಾಕಿತು. ನಿರೊ ನಕಮಿಚಿ ಅಷ್ಟರೊಳಗೆ ಹೊರಬಂದು ತಮ್ಮದೇ ಹೆಸರಿನಲ್ಲಿ ಆಂಪ್ಲಿಫೈಯರ್ ಮಾಡತೊಡಗಿದ್ದರು.

ಈಗ ಅಂಗಡಿಯಲ್ಲಿ ಸಿಗುವ ನಕಮಿಚಿ ಕಾರ್ ಸ್ಟೀರಿಯೊ, ಸೌಂಡ್‌ಬಾರ್ ಅದೇ ಕಂಪನಿಯದಾ?

ಹೆಸರು ಅದೇ, ಮನೆ ಬೇರೆ. ಒಂದು ಸೌಂಡ್‌ಬಾರ್‌ಗೆ ಡ್ರ್ಯಾಗನ್ ಎಂದೇ ಹೆಸರಿಟ್ಟಿದ್ದಾರೆ. ಈಗಿನ ವಸ್ತುಗಳನ್ನು ಅವುಗಳ ಗುಣ ನೋಡಿ ಕೊಳ್ಳಿ, ಹಳೆ ಹೆಸರು ನೋಡಿ ಬೇಡ.

ಆ ಕಾಲದಲ್ಲಿ ಕರ್ನಾಟಕದಲ್ಲಿ ಇವು ಇದ್ದವಾ?

ನಮ್ಮ ಕ್ಯಾಸೆಟ್ ಕಾಲ ಬೇರೆ ಥರದ್ದು. 1980ರ ದಶಕದಲ್ಲಿ ವಿದೇಶಿ ಎಲೆಕ್ಟ್ರಾನಿಕ್ಸ್ ಮೇಲೆ ಆಮದು ಸುಂಕ ವಿಪರೀತ. ಕರಾವಳಿಯಲ್ಲಿ ಗಲ್ಫ್‌ನಿಂದ ಬಂದವರ ಜೊತೆ ಜಪಾನಿ ಟೂ-ಇನ್-ಒನ್‌ಗಳು ಬಂದವು. ಅದರಲ್ಲೇ ಯಕ್ಷಗಾನ, ತಾಳಮದ್ದಲೆ, ಭಾವಗೀತೆ, ರಾಜ್‌ಕುಮಾರ್ ಹಾಡಿದ ಭಕ್ತಿಗೀತೆಗಳನ್ನು ಕೇಳಿ ಬೆಳೆದವರು ನಾವು. ಒಂದು ಡ್ರ್ಯಾಗನ್ನಿನ ಬೆಲೆ ಅಂದರೆ ನಮ್ಮ ಮಧ್ಯಮ ವರ್ಗದ ಮನೆಗೆ ಯೋಚನೆಗೂ ಮೀರಿದ್ದು.

ಆದರೂ ನಕಮಿಚಿಯ ಕಥೆ ನಮಗೆ ತಾಗುತ್ತದೆ. ನಮ್ಮ ಹತ್ತಿರ ಇರುವ ಟೇಪುಗಳೇ ಅಜಿಮತ್ ಕೆಟ್ಟಿರುವ ಟೇಪುಗಳು. ಯಕ್ಷಗಾನದ ಆಟ ನಡೆದ ಬಯಲಿನಲ್ಲಿ ಯಾರದೋ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ್ದು, ಅದರಿಂದ ಇನ್ನೊಬ್ಬರು ನಕಲು ಮಾಡಿಕೊಂಡದ್ದು. ಒಂದೊಂದೂ ಒಂದೊಂದು ಕೋನ. ಚಂಡೆಯ ಏಟು ದಪ್ಪಗೆ ಕೇಳುತ್ತದೆ, ಜಾಗಟೆ ತಾಳದ ಹೊಳಪು ಇರುವುದಿಲ್ಲ.

ಹಳೆ ನಕಮಿಚಿ ಡೆಕ್ ಈಗ ಕೊಳ್ಳಬಹುದಾ?

ರಿಪೇರಿ ಮಾಡುವವರು ಗೊತ್ತಿದ್ದರೆ ಮಾತ್ರ. ಎಲ್ಲಕ್ಕಿಂತ ಮೊದಲು ಹೆಡ್ ನೋಡಿ. ಟೇಪು ಉಜ್ಜಿ ಆಳವಾದ ತೋಡು ಬಿದ್ದಿದ್ದರೆ ಬೇಡ. ಇವುಗಳಿಗೆ ಹೊಸ ಹೆಡ್ ಸಿಗುವುದು ಕಷ್ಟ. ಬೆಲ್ಟ್, ಐಡ್ಲರ್ ರಬ್ಬರ್, ಪಿಂಚ್ ರೋಲರ್ ಗಟ್ಟಿಯಾಗಿರುತ್ತವೆ. ಅವನ್ನು ಬದಲಾಯಿಸಬಹುದು. ಕೆಪಾಸಿಟರ್‌ಗಳೂ ಮುದಿಯಾಗಿರುತ್ತವೆ. ಜಪಾನಿನಿಂದ ತರಿಸಿದರೆ ಅದು 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಡ್ರ್ಯಾಗನ್ ಒಳಗೆ ಮೋಟಾರು, ಸರ್ಕ್ಯೂಟ್ ಎರಡೂ ಜಾಸ್ತಿ. ಕೆಟ್ಟರೆ ತಲೆನೋವು. ಸುಮ್ನೆ ಚೆನ್ನಾಗಿ ಟೇಪ್ ಕೇಳಬೇಕು ಅನ್ನುವವರಿಗೆ ಬಿಎಕ್ಸ್-300ನಂಥ ಸರಳ ಮೂರು ಹೆಡ್ ಡೆಕ್ ಮೇಲು ಎಂದು ನನ್ನ ಅನಿಸಿಕೆ.

ಮನೆಯ ಹಳೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಲು ನಕಮಿಚಿಯೇ ಬೇಕಾ?

ಖಂಡಿತ ಬೇಡ. ಡ್ರ್ಯಾಗನ್ ತಾನಾಗಿ ಮಾಡುತ್ತಿದ್ದುದನ್ನು ನೀವು ಒಂದು ಸಣ್ಣ ಸ್ಕ್ರೂಡ್ರೈವರಿನಿಂದ ಮಾಡಬಹುದು. ಯಾವುದಾದರೂ ಗಟ್ಟಿಮುಟ್ಟಾದ ಡೆಕ್ ಇರಲಿ. ಓದುವ ಹೆಡ್‌ನ ಪಕ್ಕ ಎರಡು ಸ್ಕ್ರೂ ಇರುತ್ತವೆ, ಅದರಲ್ಲಿ ಸ್ಪ್ರಿಂಗ್ ಇರುವುದೇ ಅಜಿಮತ್ ಸ್ಕ್ರೂ. ಮೊದಲು ಅದರ ಈಗಿನ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ಎಡ ಬಲ ಎರಡನ್ನೂ ಸೇರಿಸಿ ಮೋನೊದಲ್ಲಿ ಕೇಳಿ. ಮೋನೊದಲ್ಲಿ ಕೋನದ ತಪ್ಪು ದೊಡ್ಡದಾಗಿ ಕೇಳುತ್ತದೆ. ಡಾಲ್ಬಿ ಆಫ್ ಮಾಡಿ. ಟೇಪು ಓಡುತ್ತಿರುವಾಗ ಸ್ಕ್ರೂವನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸಿ. ಒಂದು ಜಾಗದಲ್ಲಿ ತಾಳ, ಸಕಾರ, ಹಿಸ್ ಎಲ್ಲವೂ ಒಮ್ಮೆಲೇ ತೆರೆದುಕೊಳ್ಳುತ್ತವೆ. ಅಲ್ಲಿ ನಿಲ್ಲಿಸಿ. ಸ್ಟೀರಿಯೊಗೆ ಬನ್ನಿ, 24 ಬಿಟ್ ವೇವ್ ಫೈಲಿಗೆ ರೆಕಾರ್ಡ್ ಮಾಡಿ. ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಪ್ರತಿ ಬದಿಗೂ ಇದನ್ನು ಮತ್ತೆ ಮಾಡಬೇಕು.

ಹಿಸ್ ಕಡಿಮೆ ಮಾಡುವ ಸಾಫ್ಟ್‌ವೇರ್ ಆಮೇಲೆ ಎಷ್ಟು ಬೇಕಾದರೂ ಓಡಿಸಬಹುದು. ಆದರೆ ಕೋನ ತಪ್ಪಿದ್ದರಿಂದ ಹೋದ ಹೊಳಪನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸ್ ತರಲಾರದು.

ಕರಾವಳಿ, ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಬಂದಿರಬಹುದು. ಅಂಥದ್ದನ್ನು ಒಳ್ಳೆ ಡೆಕ್‌ಗೆ ಹಾಕಬೇಡಿ. ಬೇರೆ ಟೇಪುಗಳಿಗೂ ಹರಡುತ್ತದೆ. ಫೆಲ್ಟ್ ತುಂಡು ಉದುರಿದ್ದರೆ ಟೇಪನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಬದಲಾಯಿಸಿ. ವರ್ಷಗಟ್ಟಲೆ ಮುಟ್ಟದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಇಷ್ಟಕ್ಕೆಲ್ಲ ಮುಂಚೆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜನ ಧ್ವನಿ ಅಳಿಯುವುದಿಲ್ಲ.